ಪಿಕಪ್‌ನ ಮುಂದಿನ ಆಕ್ಸಲ್ ಗಟ್ಟಿ ಮಾಡಿಸೋಕೆ ಮುಂಚೆ ಒಂದ್ಸಲ ವೇ ಬ್ರಿಡ್ಜ್‌ಗೆ ಹೋಗಿ ಬನ್ನಿ

ಕೊಯ್ಲು ಜೋರಾಗೋ ತಿಂಗಳುಗಳಲ್ಲಿ ನನಗೆ ಬರೋ ಮೆಸೇಜ್‌ಗಳಲ್ಲಿ ಅಂಗಮಾರಿ, ಎಲೆ ಮುರುಟು ರೋಗದ ಫೋಟೋಗಳ ಜೊತೆ ಗಾಡಿ ಚಕ್ರದ ಫೋಟೋಗಳೂ ಇರ್ತವೆ. ಮುಂದಿನ ಟೈರ್ ಒಳಗಡೆ ಮಾತ್ರ ಸವೀತಿದೆ, ಹಂಪ್ ಹತ್ತಿಸಿದ್ರೆ ಕಟಕ್ ಅಂತ ಶಬ್ದ ಬರುತ್ತೆ, ದೊಡ್ಡ ಗಾಡಿಯ ಆಕ್ಸಲ್ ಹಾಕಿಸಿದ್ರೆ ಸರಿಹೋಗುತ್ತಾ ಅಂತ ಕೇಳ್ತಾರೆ. ವ್ಯವಸಾಯಕ್ಕೆ ಬರೋ ಮೊದಲು ಒಂಬತ್ತು ವರ್ಷ ಚಿಂತಾಮಣಿ ಕಡೆ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು ನಾನು. ಅದಕ್ಕೇ ಈ ಪ್ರಶ್ನೆಗಳು ನನ್ನ ಹತ್ರ ಬರ್ತವೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳೋದಕ್ಕಿಂತ ಈ ವಾರ ಇಲ್ಲೇ ಪೂರ್ತಿ ಬರೆದುಬಿಡ್ತೀನಿ.

ಮುಂದಿನ ಆಕ್ಸಲ್ ಅನ್ನೋದು ಬರೀ ರಿಪೇರಿ ಖರ್ಚಿನ ವಿಷಯ ಅಲ್ಲ. ಹಿಂದಿನ ಪ್ಲೇಟ್ ಒಂದು ಮುರಿದರೆ ಗಾಡಿ ಒಂದು ಕಡೆ ವಾಲಿಕೊಂಡು ಹೇಗೋ ಮನೆ ಸೇರುತ್ತೆ. ಮುಂದೆ ಟೈ ರಾಡ್ ಎಂಡ್ ಕಳಚಿಕೊಂಡರೆ ಅಥವಾ ಹಬ್ ಬೇರಿಂಗ್ ಒಡೆದರೆ ಸ್ಟೀರಿಂಗ್ ನಿಮ್ಮ ಮಾತು ಕೇಳಲ್ಲ. ಬೆಳಗಿನ ಜಾವ ಮಾರ್ಕೆಟ್‌ಗೆ ಹೊರಟ ಗಾಡಿಯ ಕ್ಯಾಬಿನ್‌ನಲ್ಲಿ ನೀವೊಬ್ಬರೇ ಇರಲ್ಲ, ಪಕ್ಕದಲ್ಲಿ ತಮ್ಮನೋ ಅಪ್ಪನೋ ಕೂತಿರ್ತಾರೆ.

ಯೂಟ್ಯೂಬ್‌ನ ಆಕ್ಸಲ್ ಬೇರೆ, ನಮ್ಮದು ಬೇರೆ

ಮುಂದಿನ ಆಕ್ಸಲ್ ಅಪ್‌ಗ್ರೇಡ್ ಅಂತ ಹುಡುಕಿದರೆ ಹೆಚ್ಚಾಗಿ ಸಿಗೋದು ಅಮೆರಿಕದ ವಿಡಿಯೋಗಳು. ಅಲ್ಲಿ ಫೋರ್ ವೀಲ್ ಡ್ರೈವ್ ಪಿಕಪ್‌ಗಳಿಗೆ ಡಾನಾ 60 ಅಂತ ಒಂದು ದಪ್ಪ ಆಕ್ಸಲ್ ಕೂರಿಸ್ತಾರೆ, ಒಳಗಿನ ಶಾಫ್ಟ್ ತೆಗೆದು ಕ್ರೋಮ್-ಮಾಲಿ ಉಕ್ಕಿನದ್ದು ಹಾಕ್ತಾರೆ. ಅಲ್ಲಿ ಮುಂದಿನ ಚಕ್ರಕ್ಕೂ ಎಂಜಿನ್‌ನ ತಿರುಗು ಬಲ ಹೋಗುತ್ತೆ. ಬಂಡೆ ಹತ್ತುವಾಗ ಶಾಫ್ಟ್ ತಿರುಚಿಕೊಂಡು ತುಂಡಾಗೋದೇ ಅವರ ತೊಂದರೆ, ಆ ತೊಂದರೆಗೆ ಆ ಮದ್ದು.

ನಮ್ಮ ಊರುಗಳಲ್ಲಿ ಓಡೋ ಪಿಕಪ್‌ಗಳಲ್ಲಿ ಬಹುಪಾಲು ಟೂ ವೀಲ್ ಡ್ರೈವ್. ಮುಂದಿನ ಆಕ್ಸಲ್‌ಗೆ ಎಂಜಿನ್‌ನ ಸಂಬಂಧವೇ ಇಲ್ಲ, ಅದರೊಳಗೆ ಬದಲಾಯಿಸೋಕೆ ಶಾಫ್ಟೂ ಇಲ್ಲ. ಕೆಲವು ಗಾಡಿಗಳಲ್ಲಿ ಎರಡು ಚಕ್ರಗಳ ಮಧ್ಯೆ ಒಂದೇ ಗಟ್ಟಿ ಬೀಮ್ ಇದ್ದು, ಅದು ಲೀಫ್ ಸ್ಪ್ರಿಂಗ್ ಪ್ಲೇಟ್‌ಗಳಿಗೆ ಯು ಬೋಲ್ಟ್‌ನಿಂದ ಬಿಗಿದಿರುತ್ತೆ. ಬೀಮ್‌ನ ಎರಡು ತುದಿಗೆ ಕಿಂಗ್ ಪಿನ್, ಅದರ ಮೇಲೆ ತಿರುಗೋ ಸ್ಟಬ್ ಆಕ್ಸಲ್, ಅದರ ಮೇಲೆ ಬೇರಿಂಗ್, ಹಬ್, ಚಕ್ರ. ಇನ್ನು ಕೆಲವು ಗಾಡಿಗಳಲ್ಲಿ ಬೀಮೇ ಇರಲ್ಲ. ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್, ಅವುಗಳ ತುದಿಗೆ ಬಾಲ್ ಜಾಯಿಂಟ್ ಇರುತ್ತೆ. ನಿಮ್ಮದು ಯಾವುದು ಅಂತ ಮೊದಲು ಗಾಡಿ ಕೆಳಗೆ ಟಾರ್ಚ್ ಬಿಟ್ಟು ನೋಡ್ಕೊಳ್ಳಿ. ಎರಡನೇ ನಮೂನೆಯ ಗಾಡಿಗೆ ಆಕ್ಸಲ್ ಬದಲಾಯಿಸ್ತೀನಿ ಅನ್ನೋ ಮಾತಿಗೆ ಅರ್ಥವೇ ಇಲ್ಲ.

ಮುಂದಕ್ಕೆ ಭಾರ ಬರೋದು ಎಲ್ಲಿಂದ

ಮಾಲು ಜಾಸ್ತಿ ಹಾಕ್ತೀವಿ, ಅದಕ್ಕೇ ಮುಂದಿನ ಆಕ್ಸಲ್ ತಡೀತಿಲ್ಲ ಅನ್ನೋದು ಎಲ್ಲರ ನಂಬಿಕೆ. ಲೆಕ್ಕ ಹಾಕಿ ನೋಡೋಣ.

ಪಿಕಪ್‌ನ ತೊಟ್ಟಿ ಇರೋದು ಹಿಂದಿನ ಚಕ್ರದ ಮೇಲೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 3 ಮೀಟರ್ ಅಂತಿಟ್ಟುಕೊಳ್ಳಿ. ತುಂಬಿದ ಮಾಲಿನ ಭಾರಕೇಂದ್ರ ಹಿಂದಿನ ಆಕ್ಸಲ್‌ಗಿಂತ 30 ಸೆಂಟಿಮೀಟರ್ ಮುಂದಿದೆ ಅಂದುಕೊಳ್ಳಿ. ಆಗ ಮಾಲಿನ ಹತ್ತನೇ ಒಂದು ಪಾಲು ಮಾತ್ರ ಮುಂದಕ್ಕೆ ಬರುತ್ತೆ. 1,300 ಕೆ.ಜಿ. ಹಾಕಿದ್ರೆ ಮುಂದಿನ ಆಕ್ಸಲ್‌ಗೆ ಸೇರೋದು 130 ಕೆ.ಜಿ., ಇಬ್ಬರು ಆಳುಗಳ ತೂಕ ಅಷ್ಟೇ. ಹಿಂದಿನ ಬಾಗಿಲ ಕಡೆ ಜಾಸ್ತಿ ಜೋಡಿಸಿದ್ರೆ ಅಷ್ಟೂ ಬರಲ್ಲ. ಉಲ್ಟಾ, ಮುಂದೆ ಹಗುರಾಗಿ ಸ್ಟೀರಿಂಗ್ ತೇಲಿದ ಹಾಗೆ ಆಗುತ್ತೆ.

ಈಗ ಬ್ರೇಕ್ ಹಾಕಿ. ಓಡ್ತಿರೋ ಗಾಡಿಗೆ ಬ್ರೇಕ್ ಬಿದ್ದಾಗ ತೂಕ ಮುಂದಕ್ಕೆ ವಾಲುತ್ತೆ, ಬಸ್ಸಿನಲ್ಲಿ ನಿಂತವರು ಮುಂದಕ್ಕೆ ಮುಗ್ಗರಿಸೋ ಹಾಗೆ. ಎಷ್ಟು ವಾಲುತ್ತೆ ಅನ್ನೋದಕ್ಕೆ ಸುಲಭದ ಲೆಕ್ಕ ಇದೆ. ಗಾಡಿಯ ಒಟ್ಟು ತೂಕವನ್ನ ಬ್ರೇಕಿನ ಬಿಗಿಯಿಂದ ಗುಣಿಸಿ, ಅದನ್ನ ನೆಲದಿಂದ ಭಾರಕೇಂದ್ರದ ಎತ್ತರದಿಂದ ಗುಣಿಸಿ, ಬಂದಿದ್ದನ್ನ ಎರಡು ಆಕ್ಸಲ್ ನಡುವಿನ ಅಂತರದಿಂದ ಭಾಗಿಸಿ. ಜೋರಾದ ಬ್ರೇಕಿಗೆ ಬಿಗಿ 0.5 ಅಂತ ಹಿಡಿಯಬಹುದು. ಒಟ್ಟು 3,000 ಕೆ.ಜಿ., ಎತ್ತರ 0.9 ಮೀಟರ್, ಅಂತರ 3 ಮೀಟರ್ ಇದ್ರೆ 450 ಕೆ.ಜಿ. ಆಯ್ತು. ಮಾಲಿನಿಂದ ಬಂದಿದ್ದು 130, ಬ್ರೇಕಿನಿಂದ ಬಂದಿದ್ದು 450. ಗುಂಡಿಗೆ ಇಳಿದಾಗ ಬೀಳೋ ಹೊಡೆತ ಇದರ ಮೇಲೆ ಇನ್ನೂ ಬೇರೆ.

ಅಂದ್ರೆ ಮುಂದಿನ ಆಕ್ಸಲ್‌ನ ದಣಿಸೋದು ಕ್ರೇಟ್‌ಗಳ ತೂಕಕ್ಕಿಂತ ಹೆಚ್ಚಾಗಿ ಬ್ರೇಕು, ಗುಂಡಿ ಮತ್ತೆ ಮಾಲಿನ ಎತ್ತರ. ಇದು ತಲೆಗೆ ಹೋಯ್ತು ಅಂದ್ರೆ ಯಾವ ಪಾರ್ಟ್‌ಗೆ ದುಡ್ಡು ಹಾಕಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಚಿಕ್ಕಪ್ಪನ ಮಗನ ಗಾಡಿ

ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗ ಬಂದ. ಕೋಲಾರದ ಎ.ಪಿ.ಎಂ.ಸಿ.ಗೆ ಟೊಮೆಟೊ ಹೊಡೆಯೋ ಗಾಡಿ ಅವನದು. ಮುಂದೆ ಬೀಮ್ ಇರೋ ನಮೂನೆ. "ಅಣ್ಣಾ, ಎಂಟು ತಿಂಗಳಲ್ಲಿ ಎರಡು ಜೊತೆ ಟೈರ್ ಹೋಯ್ತು. ಮುಂದಿನ ಆಕ್ಸಲ್ ವೀಕು ಅಂತೆ. ದೊಡ್ಡ ಗಾಡೀದು ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಪ್ಲೇಟ್ ಕೂರೋ ಜಾಗ ಕಟ್ ಮಾಡಿ ವೆಲ್ಡ್ ಮಾಡಿ ಕೊಡ್ತೀವಿ ಅಂತಿದ್ದಾರೆ" ಅಂದ. ಅಡ್ವಾನ್ಸ್ ಇನ್ನೂ ಕೊಟ್ಟಿರಲಿಲ್ಲ. ಮೊದಲು ತೂಕ ಹಾಕಿಸೋಣ ಬಾ ಅಂದೆ.

ವೇ ಬ್ರಿಡ್ಜ್‌ನಲ್ಲಿ ಪೂರ್ತಿ ಗಾಡಿ ನಿಲ್ಲಿಸಿ ತೂಕ ಹಾಕಿಸೋದು ಎಲ್ಲರಿಗೂ ಗೊತ್ತು. ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ, ಹಿಂದಿನದು ಸಮನಾದ ನೆಲದ ಮೇಲೆ ಹೊರಗೇ ಬಿಟ್ಟು ತೂಕ ಹಾಕಿದ್ರೆ ಮುಂದಿನ ಆಕ್ಸಲ್ ಹೊರೋ ಭಾರ ಗೊತ್ತಾಗುತ್ತೆ. ಖಾಲಿ ಇದ್ದಾಗ ಒಂದು, ತುಂಬಿದಾಗ ಒಂದು, ಆಮೇಲೆ ಎರಡು ಸಲವೂ ಪೂರ್ತಿ ತೂಕ. ನಾಲ್ಕು ಚೀಟಿಗಳ ಫೋಟೋ ತೆಗೆದು ಫೋನಿನಲ್ಲಿ ಇಟ್ಕೊಳ್ಳಿ.

ಅವನ ಗಾಡಿ ಡ್ರೈವರ್ ಸಮೇತ ಖಾಲಿ 1,760 ಕೆ.ಜಿ., ಅದರಲ್ಲಿ ಮುಂದೆ 970. ಟೊಮೆಟೊದ 15 ಕೆ.ಜಿ. ಬಾಕ್ಸ್ 110 ತುಂಬಿದಾಗ ಪೂರ್ತಿ 3,590, ಮುಂದೆ 1,060. ಅಂದ್ರೆ 1,830 ಕೆ.ಜಿ. ಹೇರಿದ್ರೂ ಮುಂದಕ್ಕೆ ಬಂದಿದ್ದು ಬರೀ 90. ಖಾಲಿ ಕ್ರೇಟಿನ ತೂಕವನ್ನ ಅವನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ, ನೂರಕ್ಕೂ ಹೆಚ್ಚು ಕ್ರೇಟ್ ಸೇರಿದರೆ ಅದೇ ಒಂದೂವರೆ ಕ್ವಿಂಟಲ್ ದಾಟುತ್ತೆ. ಆರ್.ಸಿ.ಯಲ್ಲಿದ್ದ ಲೇಡನ್ ತೂಕ 2,990. ಆರು ಕ್ವಿಂಟಲ್ ಹೆಚ್ಚು.

ಹಾಗಾದ್ರೆ ಟೈರ್ ತಿಂತಿರೋದು ಯಾರು? ಗಾಡಿಯನ್ನ ಒಂದು ಇಳಿಜಾರಿನಲ್ಲಿ ಇಳಿಸಿ ನಿಲ್ಲಿಸಿದ್ವಿ. ಮುಂದಿನ ಚಕ್ರದ ಹತ್ತಿರ ಕೈ ಒಯ್ದರೆ ಝಳ ಹೊಡೀತಿತ್ತು. ಹಿಂದಿನ ಡ್ರಮ್ ತಣ್ಣಗಿತ್ತು. ಹಿಂದಿನ ಬ್ರೇಕ್ ಕೆಲಸವನ್ನೇ ಮಾಡ್ತಿರಲಿಲ್ಲ.

ಇಲ್ಲೇ ಇರೋದು ಗುಟ್ಟು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತೆ. ಚಾಸಿಗೂ ಆಕ್ಸಲ್‌ಗೂ ಮಧ್ಯೆ ಒಂದು ಸಣ್ಣ ಕಡ್ಡಿಯೋ ಸ್ಪ್ರಿಂಗೋ ಕಟ್ಟಿರ್ತಾರೆ. ಲೋಡ್ ಬಿದ್ದು ಚಾಸಿ ಕೆಳಗಿಳಿದರೆ ಗಾಡಿ ತುಂಬಿದೆ ಅಂತ ತಿಳಿದು ಹಿಂದಿನ ಬ್ರೇಕಿಗೆ ಪೂರ್ತಿ ಪ್ರೆಷರ್ ಬಿಡುತ್ತೆ. ಚಾಸಿ ಮೇಲೇ ಇದ್ದರೆ ಗಾಡಿ ಖಾಲಿ ಅಂದುಕೊಂಡು, ಹಿಂದಿನ ಚಕ್ರ ಲಾಕ್ ಆಗಿ ಜಾರದಿರಲಿ ಅಂತ ಪ್ರೆಷರ್ ತಗ್ಗಿಸುತ್ತೆ. ಇವನು ವರ್ಷದ ಹಿಂದೆ ಹಿಂದುಗಡೆ ಎರಡು ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದ. ಎಷ್ಟು ತುಂಬಿದರೂ ಚಾಸಿ ಇಳೀತಿರಲಿಲ್ಲ. ವಾಲ್ವ್ ಪ್ರಕಾರ ಅವನ ಗಾಡಿ ಯಾವಾಗಲೂ ಖಾಲಿ. ಮೂರೂವರೆ ಟನ್ ನಿಲ್ಲಿಸೋ ಕೆಲಸ ಹೆಚ್ಚುಕಮ್ಮಿ ಮುಂದಿನ ಎರಡು ಚಕ್ರದ ಮೇಲೆ ಬಿದ್ದಿತ್ತು. ಕ್ರೇಟ್ ಎತ್ತರಕ್ಕೆ ಜೋಡಿಸಿ ಭಾರಕೇಂದ್ರ 1.1 ಮೀಟರ್‌ಗೆ ಏರಿದ್ದರೆ, ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಮೇಲಿನ ಲೆಕ್ಕದಂತೆ 650 ಕೆ.ಜಿ.ಗೂ ಹೆಚ್ಚು ಮುಂದಕ್ಕೆ ವಾಲುತ್ತೆ. 1,060 ಹೊತ್ತ ಆಕ್ಸಲ್ ಆ ಕ್ಷಣದಲ್ಲಿ 1,700 ಹೊರುತ್ತೆ.

ಆ ಪ್ಲೇಟ್‌ಗಳು ಮಾಡಿದ ಇನ್ನೊಂದು ಕೆಲಸ ಅಂದ್ರೆ ಹಿಂದೆ ಎತ್ತರವಾಗಿ ಮೂತಿ ತಗ್ಗಿದ್ದು. ಕಿಂಗ್ ಪಿನ್ ನೆಟ್ಟಗೆ ನಿಂತಿರಲ್ಲ, ತಲೆ ಸ್ವಲ್ಪ ಹಿಂದಕ್ಕೆ ಬಾಗಿರುತ್ತೆ, ಅದಕ್ಕೆ ಕ್ಯಾಸ್ಟರ್ ಅಂತಾರೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗೇ ನೇರಕ್ಕೆ ಬರೋದು ಇದರಿಂದ. ಗಾಡಿ ಮೂತಿ ತಗ್ಗಿದರೆ ಕ್ಯಾಸ್ಟರ್ ಕಡಿಮೆಯಾಗಿ ಗಾಡಿ ಅತ್ತ ಇತ್ತ ಎಳೆಯುತ್ತೆ. ಡ್ರೈವರ್ ಅದನ್ನ ಆಕ್ಸಲ್ ವೀಕು ಅಂತ ತಿಳ್ಕೊಳ್ತಾನೆ.

ಸಾಲದ್ದಕ್ಕೆ ಅಗಲದ ಟೈರ್ ಹಾಕಿ, ಅದು ಒಳಗೆ ತಾಗುತ್ತೆ ಅಂತ 30 ಮಿಲಿಮೀಟರ್ ಸ್ಪೇಸರ್ ಬೇರೆ ಇತ್ತು. ಕೊಡ ಸೊಂಟದ ಮೇಲಿದ್ರೆ ಭಾರ ಗೊತ್ತಾಗಲ್ಲ, ಕೈ ಚಾಚಿ ಹಿಡಿದ್ರೆ ಎರಡು ನಿಮಿಷಕ್ಕೆ ತೋಳು ನಡುಗುತ್ತೆ. ಒಂದು ಚಕ್ರದ ಮೇಲೆ 530 ಕೆ.ಜಿ., ಅದನ್ನ 0.03 ಮೀಟರ್ ಹೊರಗೆ ತಳ್ಳಿದ್ರೆ ಬೇರಿಂಗಿಗೂ ಕಿಂಗ್ ಪಿನ್‌ಗೂ ಹತ್ತಿರ ಹತ್ತಿರ 16 ಕೆ.ಜಿ.-ಮೀಟರ್ ತಿರುಚು ಹೆಚ್ಚಾಯ್ತು. ಒಂದು ಮೀಟರ್ ಕೋಲಿನ ತುದಿಗೆ 16 ಕೆ.ಜಿ. ಕಟ್ಟಿ ಇನ್ನೊಂದು ತುದಿ ಮುಷ್ಟಿಯಲ್ಲಿ ಹಿಡಿದ ಹಾಗೆ. ಅದೂ ಗಾಡಿ ನಿಂತಿದ್ದಾಗ, ಗುಂಡಿಯಲ್ಲಿ ಬಿದ್ದಾಗ ಅದರ ಎಷ್ಟೋ ಪಟ್ಟು. ಕಿಂಗ್ ಪಿನ್ ಸವೆದು ಚಕ್ರದ ತಲೆ ಒಳಕ್ಕೆ ವಾಲಿತ್ತು, ಟೈರ್ ಒಳಗಡೆ ಸವೀತಿದ್ದದ್ದು ಅದಕ್ಕೇ.

ಇಂಥ ಗಾಡಿಗೆ ದೊಡ್ಡ ಆಕ್ಸಲ್ ಕೂರಿಸಿದ್ದರೆ ಏನಾಗ್ತಿತ್ತು? ಬೀಮ್ ಬಾಗಲ್ಲ, ಸರಿ. ಹಿಂದಿನ ಬ್ರೇಕ್ ಹಾಗೇ ಸತ್ತಿರುತ್ತೆ. ಗಾಡಿ ಈಗ ಗಟ್ಟಿ ಅಂತ ಅವನು ಇನ್ನೂ ಇಪ್ಪತ್ತು ಬಾಕ್ಸ್ ಹೇರ್ತಿದ್ದ.

ನಾವು ಮಾಡಿಸಿದ್ದು ಇಷ್ಟು. ಎಕ್ಸ್‌ಟ್ರಾ ಪ್ಲೇಟ್ ಎರಡನ್ನೂ ತೆಗೆಸಿ, ಸರ್ವಿಸ್ ಸೆಂಟರ್‌ನಲ್ಲಿ ವಾಲ್ವ್‌ನ ಸೆಟ್ಟಿಂಗ್ ಆ ಗಾಡಿಯ ಅಳತೆಗೆ ಸರಿ ಮಾಡಿಸಿದ್ವಿ. ಸ್ಪೇಸರ್ ಬಿಸಾಕಿ ಕಂಪನಿ ಅಳತೆಯ ಟೈರ್‌ಗೆ ಬಂದ್ವಿ. ಎರಡೂ ಕಡೆ ಹೊಸ ಕಿಂಗ್ ಪಿನ್ ಕಿಟ್, ಟೈ ರಾಡ್ ಎಂಡ್, ಹಬ್ ಬೇರಿಂಗ್, ಆಮೇಲೆ ಅಲೈನ್‌ಮೆಂಟ್. ಬೀಮ್ ಮೊದಲಿನದೇ. ಅಳತೆ ನೋಡಿದ್ರೆ ಅದು ಬಾಗಿರಲೇ ಇಲ್ಲ.

ಜಗಳ ಆಗಿದ್ದು ಲೋಡಿನ ಬಗ್ಗೆ. ಆರ್.ಸಿ. ಪ್ರಕಾರ ಅವನಿಗೆ ಸಿಗೋದು ಒಂದು ಟ್ರಿಪ್‌ಗೆ 70ರ ಆಸುಪಾಸು ಬಾಕ್ಸ್. ರೇಟ್ ಬಿದ್ದ ದಿನ ಎರಡು ಟ್ರಿಪ್ ಡೀಸೆಲ್ ಯಾರು ಕೊಡ್ತಾರೆ ಅಂತ ಕೂಗಾಡಿದ. ಅವನ ಲೆಕ್ಕ ಸುಳ್ಳಲ್ಲ, ಟೊಮೆಟೊ ಬೆಳೆದವರಿಗೆಲ್ಲ ಆ ದಿನಗಳು ಗೊತ್ತು. ಈಗ ಜೋರು ಕೊಯ್ಲಿನ ದಿನ ಪಕ್ಕದ ಇಬ್ಬರ ಜೊತೆ ಸೇರಿ ಒಂದು ಕ್ಯಾಂಟರ್ ಬಾಡಿಗೆಗೆ ಹಿಡೀತಾನೆ. ಉಳಿದ ದಿನ ತನ್ನ ಗಾಡಿ. ಪೂರ್ತಿ ಖುಷಿಯಾಗಿದ್ದಾನೆ ಅಂತ ನಾನು ಹೇಳಲ್ಲ, ಆದ್ರೆ ಮುಂದಿನ ಟೈರ್ ಈಗ ಸಮನಾಗಿ ಸವೀತಿದೆ.

ನಿಮ್ಮ ಗಾಡಿಯಲ್ಲಿ ಹೇಗೆ ನೋಡೋದು

ಸಮನಾದ ಜಾಗದಲ್ಲಿ ನಿಲ್ಲಿಸಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಬೀಮ್ ಇರೋ ಗಾಡಿಗೆ ಬೀಮ್ ಕೆಳಗೆ, ಆರ್ಮ್ ಇರೋ ಗಾಡಿಗೆ ಸ್ಪ್ರಿಂಗ್ ಕೂತಿರೋ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಪಕ್ಕದಲ್ಲಿ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ನುಗ್ಗಬೇಡಿ.

ಗಡಿಯಾರದ 12 ಮತ್ತು 6 ಇರೋ ಜಾಗದಲ್ಲಿ ಟೈರ್ ಹಿಡಿದು ಅಲ್ಲಾಡಿಸಿ. ಪ್ಲೇ ಇದ್ದರೆ ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಪ್ಲೇ ಮಾಯವಾದ್ರೆ ಹಬ್ ಬೇರಿಂಗ್ ಸಡಿಲ. ಬ್ರೇಕ್ ಒತ್ತಿದ್ರೂ ಅಲ್ಲಾಡ್ತಿದ್ರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಆಮೇಲೆ 9 ಮತ್ತು 3 ಇರೋ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಇಲ್ಲಿ ಬರೋ ಪ್ಲೇ ಹೆಚ್ಚಾಗಿ ಟೈ ರಾಡ್ ಎಂಡ್‌ದು. ಫೋನನ್ನ ಸ್ಲೋ ಮೋಷನ್‌ಗೆ ಹಾಕಿ ಜಾಯಿಂಟ್‌ಗೆ ಹತ್ತಿರ ಹಿಡಿಸಿ ವಿಡಿಯೋ ಮಾಡಿದ್ರೆ ಕಣ್ಣಿಗೆ ಕಾಣದ ಅಲುಗಾಟವೂ ಕಾಣುತ್ತೆ. ಗ್ಯಾರೇಜಿಗೆ ಹೋದಾಗ ಅದನ್ನ ತೋರಿಸಿ, ಬೇಡದ ಪಾರ್ಟ್ ಬದಲಾಯಿಸೋದು ತಪ್ಪುತ್ತೆ.

ಗಟ್ಟಿ ಪಾರ್ಟ್ ಹಾಕಿಸೋದಾದ್ರೆ

ಮೊದಲನೇ ಸಾಲಿನಲ್ಲಿ ಕಿಂಗ್ ಪಿನ್ ಬರುತ್ತೆ. ಲೇತ್‌ನಲ್ಲಿ ಕಡೆದು ಕೊಡೋ ಪಿನ್ ಅಗ್ಗ. ನಮ್ಮ ಕಡೆ ಲೇತ್ ಶಾಪ್‌ಗಳಲ್ಲಿ ಇ.ಎನ್. 8 ಅನ್ನೋ ಸಾಧಾರಣ ಉಕ್ಕು ಸುಲಭವಾಗಿ ಸಿಗುತ್ತೆ. ಇ.ಎನ್. 19 ಮತ್ತು ಇ.ಎನ್. 24 ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಗಟ್ಟಿ ಉಕ್ಕುಗಳು, ಅಮೆರಿಕದ ವಿಡಿಯೋದಲ್ಲಿ ಕ್ರೋಮ್-ಮಾಲಿ ಅನ್ನೋದು ಈ ಜಾತಿಯನ್ನೇ. ಆದ್ರೆ ಹೆಸರು ಕೇಳಿ ಮರುಳಾಗಬೇಡಿ. ಉಕ್ಕು ಯಾವುದೇ ಇರಲಿ, ಪಿನ್‌ನ ಮೇಲ್ಮೈಯನ್ನ ಹದವಾಗಿ ಕಾಯಿಸಿ ತಣಿಸಿ ಹಾರ್ಡನ್ ಮಾಡಿರಬೇಕು. ಮೇಲೆ ಗಡಸು, ಒಳಗೆ ಬಳುಕೋ ಗುಣ, ಎರಡೂ ಬೇಕು. ಕೊಳ್ಳುವಾಗ ಪಿನ್‌ನ ಚಪ್ಪಟೆ ತುದಿಗೆ ಅರ ಉಜ್ಜಿ ನೋಡೋದು ಹಳೇ ಮೆಕ್ಯಾನಿಕ್‌ಗಳ ಉಪಾಯ. ಗಡಸಾಗಿದ್ರೆ ಅರ ಜಾರುತ್ತೆ, ಮೆತ್ತಗಿದ್ರೆ ಕಚ್ಚುತ್ತೆ. ಉದ್ದಕ್ಕೆ ಮಾತ್ರ ಉಜ್ಜಬೇಡಿ, ಅಲ್ಲಿ ಬುಷ್ ಕೂರಬೇಕು. ಮೇಲಿನ ಬುಷ್ ಕೆಳಗಿನ ಬುಷ್ ಎರಡನ್ನೂ ಒಂದೇ ನೇರಕ್ಕೆ ರೀಮರ್ ಹಾಕಿಸಬೇಕು. ಒಳ್ಳೇ ಪಿನ್ ತಂದು ಬುಷ್‌ಗೆ ಎಮರಿ ಪೇಪರ್ ತಿಕ್ಕಿ ಕೂರಿಸಿದ್ರೆ ಹಾಕಿದ ದುಡ್ಡು ನೀರಿಗೆ.

ಯು ಬೋಲ್ಟ್ ಒಮ್ಮೆ ಬಿಚ್ಚಿದ್ರೆ ಹೊಸದೇ ಹಾಕಿಸಿ, ಹಳೇದು ಎಳೆದುಕೊಂಡಿರುತ್ತೆ. ಸಾಮಾನ್ಯ ಬೋಲ್ಟ್‌ಗಳ ತಲೆ ಮೇಲಿನ 8.8, 10.9 ಅನ್ನೋ ಅಂಕಿ ಅವುಗಳ ಬಲದ ಗುರುತು. ಎರಡನೇದು ಹೆಚ್ಚು ಬಲದ್ದು, ನಟ್ ಕೂಡ ಅದಕ್ಕೆ ಹೊಂದೋದೇ ಬೇಕು. ಏನೂ ಅಂಕಿ ಇಲ್ಲದ ಬೋಲ್ಟ್ ಸ್ಟೀರಿಂಗ್ ಹತ್ತಿರ ಬರಕೂಡದು.

ಮುಂದೆ ಒಂದು ಪ್ಲೇಟ್ ಸೇರಿಸೋಣ್ವಾ ಅಂತ ಕೇಳ್ತಾರೆ. ಸ್ಪ್ರಿಂಗ್ ಬಿಗಿಯಾದಷ್ಟೂ ಗುಂಡಿಯ ಹೊಡೆತ ಅದು ನುಂಗಲ್ಲ, ಶ್ಯಾಕಲ್, ಬೀಮ್, ಕಿಂಗ್ ಪಿನ್‌ಗೆ ದಾಟಿಸುತ್ತೆ. ನನ್ನ ಮಟ್ಟಿಗೆ ಒಳ್ಳೇ ಶಾಕ್ ಅಬ್ಸಾರ್ಬರ್ ಮತ್ತೆ ಹೊಸ ಶ್ಯಾಕಲ್ ಬುಷ್ ಹಾಕಿಸೋದೇ ವಾಸಿ.

ನಿಜವಾಗಿಯೂ ಬೀಮೇ ಬಾಗಿದ್ರೆ? ಗ್ಯಾಸ್ ಕಟರ್‌ನಿಂದ ಕಾಯಿಸಿ ನೇರ ಮಾಡೋರ ಹತ್ತಿರ ಹೋಗಬೇಡಿ. ಬೀಮ್, ಸ್ಟಬ್ ಆಕ್ಸಲ್ ಎರಡೂ ಫೋರ್ಜ್ ಮಾಡಿ ಹದ ಕೊಟ್ಟ ಉಕ್ಕು. ಕಾಯಿಸಿದ್ರೆ ಆ ಹದ ಹೋಗುತ್ತೆ, ವೆಲ್ಡ್ ಮಾಡಿದ್ರೆ ಪಕ್ಕದ ಜಾಗ ಪೆಡಸಾಗಿ ಒಂದು ದಿನ ಸದ್ದಿಲ್ಲದೆ ಸೀಳುತ್ತೆ. ತಣ್ಣಗೇ ಪ್ರೆಸ್‌ನಲ್ಲಿ ಅಳತೆ ಹಿಡಿದು ನೇರ ಮಾಡೋ ಆಕ್ಸಲ್ ಶಾಪ್‌ಗಳಿವೆ. ಅದೂ ಆಗದಷ್ಟು ಬಾಗಿದ್ರೆ ನಿಮ್ಮ ಮಾಡೆಲ್‌ನದೇ ಹೊಸ ಬೀಮ್ ತನ್ನಿ.

ದೊಡ್ಡ ಗಾಡಿಯ ಆಕ್ಸಲ್ ಹಾಕಿಸೋದಕ್ಕೆ ಕಾನೂನಿನ ತಡೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಇದಕ್ಕೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿತು. ಓವರ್‌ಲೋಡ್‌ಗೆ ಅದೇ ತಿದ್ದುಪಡಿಯಲ್ಲಿ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಆಕ್ಸಲ್ ದಪ್ಪಗಾಯ್ತು ಅಂತ ಆರ್.ಸಿ.ಯಲ್ಲಿನ ತೂಕ ಏರಲ್ಲ. ಅಪಘಾತ ಆದ್ರೆ ಇನ್ಶೂರೆನ್ಸ್‌ನವರು ಗಾಡಿಯ ಫೋಟೋ ತೆಗೆದು ಮೂಲ ಅಳತೆಗೆ ಹೋಲಿಸಿ ನೋಡ್ತಾರೆ ಅನ್ನೋದು ನೆನಪಿರಲಿ. ತೊಟ್ಟಿಯಲ್ಲಿ ಕೊಯ್ಲಿನ ಆಳುಗಳನ್ನ ಕೂರಿಸ್ಕೊಂಡು ಹೋಗೋರಂತೂ ಇದನ್ನ ಎರಡು ಸಲ ಓದಿ.

ಕೆಲಸ ಮುಗಿಸಿ ಗಾಡಿ ಮನೆಗೆ ತಂದ ಮೇಲೆ ನೋಡ್ಬೇಕಾದ್ದು ಸ್ವಲ್ಪ ಇದೆ. ಯು ಬೋಲ್ಟ್ ನಟ್‌ಗಳನ್ನ 500 ಕಿಲೋಮೀಟರ್ ಒಳಗೆ ಒಮ್ಮೆ, ಚಕ್ರ ನೆಲದ ಮೇಲಿರುವಾಗಲೇ, ಎದುರುಬದುರು ಸರದಿಯಲ್ಲಿ ಮತ್ತೆ ಬಿಗಿಸಿ. ಟಾರ್ಕ್ ರೆಂಚ್ ಇರೋ ಕಡೆ ಮಾಡಿಸಿದ್ರೆ ಒಳ್ಳೇದು. ಕಿಂಗ್ ಪಿನ್‌ಗೆ ಗ್ರೀಸ್ ಹೊಡೆಯುವಾಗ ಬೀಮ್ ಎತ್ತಿ ಚಕ್ರ ನೇತಾಡೋ ಹಾಗೆ ಇಟ್ಟು ಹೊಡೀರಿ, ಇಲ್ಲದಿದ್ರೆ ಭಾರ ಬೀಳೋ ಮುಖಕ್ಕೆ ಗ್ರೀಸ್ ಹೋಗಲ್ಲ. ಹಳೇ ಕಪ್ಪು ಗ್ರೀಸ್ ಹೊರಗೆ ಬರೋವರೆಗೂ ನಿಲ್ಲಿಸಬೇಡಿ. ನಿಮ್ಮ ಗಾಡಿಯಲ್ಲಿ ಹಬ್ ನಟ್‌ಗೆ ಸ್ಪ್ಲಿಟ್ ಪಿನ್ ಇದ್ರೆ, ಡಸ್ಟ್ ಕ್ಯಾಪ್ ಹಾಕೋ ಮುಂಚೆ ಹೊಸ ಪಿನ್ ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ, ಫೋಟೋ ತೆಗೀರಿ. ತಾತನ ಕಾಲದ ಎತ್ತಿನ ಗಾಡಿಗೆ ಕಡೆಗೀಲು ಹೇಗೋ ಇದಕ್ಕೆ ಅದು ಹಾಗೆ. ಹಳೇ ಪಿನ್ ನೇರ ಮಾಡಿ ಮತ್ತೆ ತೂರಿಸಿದ್ರೆ ಬಿಚ್ಚಿಸಿ ಹೊಸದು ಹಾಕಿಸಿ.